ಸುದ್ದಿ ಮುಗಿದ ಮೇಲೂ ಉಳಿಯುವ ಕಳವಳ

ಕೇಳುಗರಿಗೆ ನಮಸ್ಕಾರ.

ರಾತ್ರಿ ಹನ್ನೊಂದೂವರೆ. ದೀಪ ಆರಿಸಿಯಾಗಿದೆ. ಮಲಗುವ ಮುಂಚೆ ಒಂದು ಸಲ ನೋಡಿಬಿಡೋಣ ಎಂದು ಎತ್ತಿಕೊಂಡ ಫೋನು ಇನ್ನೂ ಕೈಯಲ್ಲೇ ಇದೆ. ಯುದ್ಧದ ದೃಶ್ಯ, ಅದರ ಕೆಳಗೆ ನೆರೆ, ಅದರ ಕೆಳಗೆ ಕೆಲಸ ಕಳೆದುಕೊಂಡವರ ಲೆಕ್ಕ. ಹೆಬ್ಬೆರಳು ತನ್ನ ಪಾಡಿಗೆ ತಾನು ಸರಿಸುತ್ತಲೇ ಇದೆ. ಹಲ್ಲು ಕಚ್ಚಿಕೊಂಡಿದೆ, ಭುಜ ಕಿವಿಯ ಕಡೆಗೆ ಏರಿದೆ, ಉಸಿರು ಎದೆಯಿಂದ ಕೆಳಗೆ ಇಳಿಯುತ್ತಿಲ್ಲ. ಇದೊಂದೂ ನೋಡುತ್ತಿರುವವರ ಗಮನಕ್ಕೆ ಬಂದಿರುವುದಿಲ್ಲ. ಬೆಳಿಗ್ಗೆ ಮಗು ಲೋಟ ಉರುಳಿಸುತ್ತದೆ. ಅಷ್ಟಕ್ಕೇ ಮನೆ ನಡುಗುವಂತೆ ಗದರುತ್ತಾರೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತೇವಲ್ಲ, ಇಲ್ಲಿ ಆ ಅತ್ತೆ ಯಾರೆಂಬುದೇ ಗೊತ್ತಿರುವುದಿಲ್ಲ.

ಮನೋಚಿಕಿತ್ಸೆಗೆ ಬರುವವರು ಸಿಡುಕಿನ ಬಗ್ಗೆ ಹೇಳುತ್ತಾರೆ, ನಿದ್ದೆಗೆಟ್ಟಿದ್ದನ್ನು ಹೇಳುತ್ತಾರೆ. ಸುದ್ದಿಯ ಮಾತು ಬರುವುದು ಬಹಳ ತಡವಾಗಿ. ಕೇಳಿದರೆ, "ಅದು ಎಲ್ಲರಿಗೂ ಇರೋದೇ ಅಲ್ವಾ" ಎಂದುಬಿಡುತ್ತಾರೆ. ಎಲ್ಲರಿಗೂ ಇದೆ, ನಿಜ. ಆದರೆ ಅದು ಒಳಗೆ ಮಾಡುವ ಕೆಲಸ ಸಣ್ಣದಲ್ಲ.

ಅಪಾಯ ಕಂಡಾಗ ಮೈ ಒಂದು ಕೆಲಸಕ್ಕೆ ಸಜ್ಜಾಗುತ್ತದೆ. ಅಡ್ರಿನಾಲಿನ್ ಎಂಬ ಹಾರ್ಮೋನು ಏರುತ್ತದೆ, ಗುಂಡಿಗೆ ಜೋರಾಗಿ ಬಡಿಯುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಇದೆಲ್ಲ ಓಡುವುದಕ್ಕೆ ಅಥವಾ ಎದುರು ನಿಲ್ಲುವುದಕ್ಕೆ. ಓಡಿದರೆ, ಹೋರಾಡಿದರೆ, ಕೆಲಸ ಮುಗಿದು ಮೈ ಸಡಿಲಗೊಳ್ಳುತ್ತದೆ. ಪರದೆಯ ಮೇಲಿನ ಅಪಾಯಕ್ಕೆ ಮಾಡುವುದಕ್ಕೆ ಏನೂ ಇಲ್ಲ. ಸಜ್ಜಾದ ಮೈ ಹಾಗೆಯೇ ಬಿಗಿದುಕೊಂಡು ಉಳಿಯುತ್ತದೆ. ಇನ್ನೊಂದು ಸುದ್ದಿ ನೋಡಿದರೆ ಸಮಾಧಾನವಾದೀತು ಎಂದು ಮನಸ್ಸು ಹುಡುಕುತ್ತದೆ. ಸಿಗುವುದು ಮತ್ತೊಂದು ಅಪಾಯ.

2013ರ ಏಪ್ರಿಲ್ 15ರಂದು ಅಮೆರಿಕದ ಬಾಸ್ಟನ್ ಮ್ಯಾರಥಾನ್ ಓಟದಲ್ಲಿ ಬಾಂಬ್ ಸಿಡಿದ ಮೇಲೆ ಅಲ್ಲಿನ ಸಂಶೋಧಕರು 4,675 ವಯಸ್ಕರನ್ನು ವಿಚಾರಿಸಿದರು. ನಂತರದ ವಾರದಲ್ಲಿ ದಿನಕ್ಕೆ 6 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಅದೇ ಸುದ್ದಿಯಲ್ಲಿ ಮುಳುಗಿದ್ದವರ ಮಾನಸಿಕ ಒತ್ತಡ, ಘಟನೆಗೆ ನೇರವಾಗಿ ಸಿಕ್ಕಿಕೊಂಡವರ ಒತ್ತಡಕ್ಕಿಂತಲೂ ಹೆಚ್ಚಿತ್ತು. ಇದನ್ನು ಹೇಳುವಾಗ ಎಚ್ಚರವೂ ಬೇಕು. ಮೊದಲೇ ಆತಂಕವಿದ್ದವರು ಹೆಚ್ಚು ನೋಡಿರಬಹುದು. ಆತಂಕ ನೋಡಿಸುತ್ತದೆ, ನೋಡಿದ್ದು ಆತಂಕ ಹೆಚ್ಚಿಸುತ್ತದೆ. ಗಾಣ ಹೀಗೆ ತಿರುಗುತ್ತದೆ.

"ಹಾಗಾದರೆ ನೋಡಬೇಡಿ, ಯೋಚಿಸಬೇಡಿ" ಎಂಬ ಸಲಹೆ ಮನೆಮನೆಯಲ್ಲೂ ಸಿಗುತ್ತದೆ. ಅದು ಫಲಿಸುವುದಿಲ್ಲ. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಮನೋವಿಜ್ಞಾನಿ ಕೆಲವರಿಗೆ, ಬಿಳಿ ಕರಡಿಯನ್ನು ಐದು ನಿಮಿಷ ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ನೆನೆಯಬಹುದು ಎಂದಾಗ, ಮೊದಲಿನಿಂದಲೂ ನೆನೆಯಲು ಬಿಟ್ಟವರಿಗಿಂತ ಇವರ ತಲೆಯಲ್ಲೇ ಕರಡಿ ಹೆಚ್ಚು ಓಡಾಡಿತು. ಚಿಂತೆಯನ್ನು ಹೊರಗೆ ತಳ್ಳಿ ಬಾಗಿಲು ಹಾಕಿದರೆ ಅದು ಬಾಗಿಲಲ್ಲೇ ಕುಳಿತಿರುತ್ತದೆ. ಅದಕ್ಕೊಂದು ವೇಳೆ ಕೊಟ್ಟರೆ ಕಾಯುತ್ತದೆ. ಇದು ಮನೋವಿಜ್ಞಾನಿ ಥಾಮಸ್ ಬೊರ್ಕೊವೆಕ್ ಮತ್ತು ಜೊತೆಯವರು 1983ರಲ್ಲಿ ವಿವರಿಸಿದ ವಿಧಾನ. ಚಿಕಿತ್ಸಕರು ಇವತ್ತಿಗೂ ಇದನ್ನು ಹೇಳಿಕೊಡುತ್ತಾರೆ.

ಚಿಂತಿಸುವುದಕ್ಕೆಂದೇ ದಿನವೂ ಒಂದೇ ಹೊತ್ತು, ಒಂದೇ ಜಾಗ, 30 ನಿಮಿಷ. ಆರಂಭದಲ್ಲಿ 15 ನಿಮಿಷವಾದರೂ ಸಾಕು. ಮಲಗುವುದಕ್ಕೆ ಕಡಿಮೆಯೆಂದರೂ ಎರಡು ಗಂಟೆ ಮುಂಚೆ ಮುಗಿಯಬೇಕು. ಹಾಸಿಗೆಯ ಮೇಲೆ ಬೇಡ, ಆರಾಮಾಗಿ ಕೂರುವ ಕುರ್ಚಿಯೂ ಬೇಡ, ಏಕೆಂದರೆ ಚಿಂತೆ ಆ ಜಾಗಕ್ಕೆ ಅಂಟಿಕೊಳ್ಳುತ್ತದೆ. ಹಗಲಲ್ಲಿ ಚಿಂತೆ ಎದ್ದಾಗ ಚೀಟಿಯ ಮೇಲೆ ಒಂದೆರಡೇ ಪದ ಬರೆಯಿರಿ: "ಸಾಲದ ಕಂತು", "ಅಪ್ಪನ ಆರೋಗ್ಯ", "ಯುದ್ಧ". ಸಂಜೆ ನೋಡುತ್ತೇನೆ ಎಂದುಕೊಂಡು ಕೈಯಲ್ಲಿದ್ದ ಕೆಲಸಕ್ಕೆ ಮರಳಿ. ಮತ್ತೆ ಬಂದರೆ ಆ ಪದದ ಪಕ್ಕ ಒಂದು ಗೀಟು, ಅಷ್ಟೆ.

ಸಂಜೆ ಚೀಟಿ ಬಿಡಿಸಿದಾಗ ಕೆಲವು ಆಗಲೇ ಸತ್ತಿರುತ್ತವೆ. ಅವನ್ನು ಹೊಡೆದುಹಾಕಿ. ಉಳಿದವುಗಳಲ್ಲಿ ನಮ್ಮ ಕೈಲಾಗುವ ಕೆಲಸವಿದೆಯೇ ನೋಡಿ. ಇದ್ದರೆ ಯಾರು, ಏನು, ಯಾವಾಗ ಎಂಬುದು ಕಾಗದದ ಮೇಲೆ ಬರಬೇಕು. "ಅಪ್ಪನ ಆರೋಗ್ಯ ನೋಡಿಕೊಳ್ಳಬೇಕು" ಎಂಬುದು ಕೆಲಸವಲ್ಲ, ಅದು ಚಿಂತೆಯ ಇನ್ನೊಂದು ರೂಪ. "ನಾಳೆ ಬೆಳಿಗ್ಗೆ ಹತ್ತಕ್ಕೆ ವೈದ್ಯರಿಗೆ ಫೋನು ಮಾಡಿ ಹೃದಯದ ಪರೀಕ್ಷೆಗೆ ದಿನ ಗೊತ್ತುಮಾಡುವುದು" ಎಂಬುದು ಕೆಲಸ.

ಯುದ್ಧದಂತಹ, ಕೈಮೀರಿದ ಚಿಂತೆಗೆ ಬೇರೆ ದಾರಿ. ಚಿಂತೆ ಯಾವಾಗಲೂ "ಹಾಗಾಗಿಬಿಟ್ಟರೆ?" ಎಂಬಲ್ಲಿಗೆ ನಿಂತು ಮತ್ತೆ ಮೊದಲಿಗೆ ಓಡುತ್ತದೆ. ಅದನ್ನು ಅಲ್ಲಿ ನಿಲ್ಲಲು ಬಿಡದೆ ಪೂರ್ತಿ ವಾಕ್ಯ ಮಾಡಿ. ಹಾಗಾದರೆ ಏನಾಗುತ್ತದೆ? ಆಗ ನಾನು ಏನು ಮಾಡುತ್ತೇನೆ? ನನ್ನ ಜೊತೆ ಯಾರಿರುತ್ತಾರೆ? ಈಗ ಮನಸ್ಸಿನಲ್ಲಿರುವುದು ಭಯವೋ, ಸಿಟ್ಟೋ, ಆ ಜನರ ಬಗೆಗಿನ ಸಂಕಟವೋ? ಹೆಸರಿಟ್ಟು ಬರೆಯಿರಿ. ಸಂಕಟವನ್ನು ಭಯವೆಂದು ತಿಳಿದು ವರ್ಷಗಟ್ಟಲೆ ನರಳುವವರಿದ್ದಾರೆ. ದೂರದ ಮಗುವಿನ ಸಾವಿಗೆ ನಮ್ಮ ಕಣ್ಣು ತುಂಬುವುದು ಕಾಯಿಲೆಯಲ್ಲ. ಅತ್ತುಬಿಡಬಹುದು. ಹೊತ್ತು ಮುಗಿದಾಗ ಅರ್ಧ ವಾಕ್ಯದಲ್ಲಿದ್ದರೂ ಪೆನ್ನು ಕೆಳಗಿಟ್ಟು ಎದ್ದು, ಕೈಕಾಲು ಆಡಿಸುವ ಕೆಲಸವೊಂದನ್ನು ಹಿಡಿಯಿರಿ.

ಇದು ಕೆಡುವುದು ಸಾಮಾನ್ಯವಾಗಿ ಮೂರನೆಯ ದಿನ. "ಚಿಂತೆ ಕಡಿಮೆಯೇ ಆಗಲಿಲ್ಲ" ಎಂದು ಬಿಟ್ಟುಬಿಡುತ್ತಾರೆ. ಎರಡು ವಾರವಾದರೂ ಬಿಡದೆ ಮಾಡಿದ ಮೇಲೆಯೇ ಲೆಕ್ಕ ಹಾಕಬೇಕು. ಆ ಅರ್ಧ ಗಂಟೆಯಲ್ಲಿ ಖಚಿತಪಡಿಸಿಕೊಳ್ಳಲು ಫೋನು ತೆಗೆದರಂತೂ ಎಲ್ಲ ನೀರುಪಾಲು. ಮುಂದೂಡಬಾರದ ಸಂಗತಿಗಳೂ ಇವೆ: ಮೈಯಲ್ಲಿ ಕಾಣಿಸಿಕೊಂಡ ಗಂಟು, ಈಗ ಬರುತ್ತಿರುವ ಎದೆನೋವು, ಮನೆಯಲ್ಲಿ ಬೀಳುತ್ತಿರುವ ಏಟು. ಅವು ಚೀಟಿಗೆ ಸೇರುವಂಥವಲ್ಲ, ಆ ಕ್ಷಣವೇ ನೆರವು ಕೇಳಬೇಕಾದಂಥವು.

ಮೈಯ ಬಿಗಿತಕ್ಕೆ ಉಸಿರಾಟ ನೆರವಾಗುತ್ತದೆ. ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ನಿಮಿಷಕ್ಕೆ ಸುಮಾರು ಆರು ಉಸಿರು, ಐದು ನಿಮಿಷ. ಉಸಿರು ಬಿಡುವಾಗ ಹೃದಯದ ಬಡಿತ ನಿಧಾನವಾಗುವುದರಿಂದ ಬಿಡುವುದು ಉದ್ದವಿರಬೇಕು. ಜೋರಾಗಿ ಎದೆ ತುಂಬ ಎಳೆದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಆಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ಬೆರಳು ಜುಮ್ಮೆನ್ನುತ್ತದೆ, ಆತಂಕ ಇಮ್ಮಡಿಯಾಗುತ್ತದೆ. ಮೂಗಿನಲ್ಲಿ, ಸದ್ದಿಲ್ಲದೆ, ಸಣ್ಣ ಉಸಿರು ಸಾಕು.

ಮನೆಯಲ್ಲಿ ಮಕ್ಕಳಿದ್ದರೆ ಅವರಿಗೆ ವಿವರಿಸುವ ಮುಂಚೆ ಅವರು ಏನು ಕೇಳಿದ್ದಾರೆ, ಏನೆಂದುಕೊಂಡಿದ್ದಾರೆ ಎಂದು ಕೇಳಿ. ಕಟ್ಟಡವೊಂದು ಕುಸಿಯುವ ದೃಶ್ಯವನ್ನು ಹತ್ತು ಸಲ ತೋರಿಸಿದರೆ ಪುಟ್ಟ ಮಗು ಹತ್ತು ಕಟ್ಟಡ ಕುಸಿದವೆಂದು ತಿಳಿಯಬಹುದು. ಕೇಳಿದಷ್ಟಕ್ಕೆ ನಿಜ ಹೇಳಿ, ಪಕ್ಕದಲ್ಲೇ ಕುಳಿತಿರಿ.

ಇಷ್ಟು ಸಾಲದೇ ಹೋಗುವ ಸ್ಥಿತಿಯೂ ಇದೆ. ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಮನಸ್ಸು ಕುಗ್ಗಿದ್ದರೆ, ಮೊದಲು ಇಷ್ಟಪಡುತ್ತಿದ್ದ ಯಾವುದೂ ಬೇಡವೆನಿಸಿದರೆ, ನಿದ್ದೆ ಹಸಿವು ಏರುಪೇರಾಗಿ ಕೆಲಸ ಕೈಗೆ ಹತ್ತದಿದ್ದರೆ, ಚೀಟಿ ಪೆನ್ನು ಬದಿಗಿಟ್ಟು ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಬೇಕು. ಬದುಕುವುದೇ ಬೇಡ ಎಂಬ ಯೋಚನೆ ಬಂದಿದ್ದರೆ ನಾಳೆಗೆ ಇಡಬೇಡಿ, ಇವತ್ತೇ ನಂಬಿಕೆಯ ಒಬ್ಬರಿಗೆ ಹೇಳಿ, ವೈದ್ಯರ ಬಳಿ ಹೋಗಿ. ನಿಮ್ಮವರಲ್ಲಿ ಯಾರಿಗಾದರೂ ಹಾಗನ್ನಿಸುತ್ತಿದೆ ಎಂಬ ಅನುಮಾನವಿದ್ದರೆ, "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಎಂದು ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಎಷ್ಟೋ ಸಲ ಅವರು ಯಾರಾದರೂ ಕೇಳಲಿ ಎಂದು ಕಾಯುತ್ತಿರುತ್ತಾರೆ. ಹೌದು ಎಂದರೆ ಬುದ್ಧಿ ಹೇಳಲು ಹೋಗಬೇಡಿ. ಅವರನ್ನು ಒಂಟಿಯಾಗಿ ಬಿಡದೆ, ಹತ್ತಿರವಿರುವ ಮಾತ್ರೆ, ವಿಷ, ಹಗ್ಗ ದೂರ ಸರಿಸಿ, ವೈದ್ಯರ ಬಳಿಗೆ ಜೊತೆಯಲ್ಲೇ ಕರೆದುಕೊಂಡು ಹೋಗಿ.

ನಮಸ್ಕಾರ.