ಮನ್ಯಾಗಿನ ಯಜಮಾನ್ಕಿ ಯಾರದು? ಬೆಕ್ಕಿಂದೋ ನಮ್ಮದೋ?

ಎಲ್ಲಾರಿಗೂ ನಮಸ್ಕಾರ್ರಿ. ಧಾರವಾಡದಾಗ ಕಾವ್ಯಕ್ಕ, ಸಂಗೀತಕ್ಕ ಮಂದಿ ಸೇರೂದು ನೋಡೇನಿ, ಬೆಕ್ಕಿಗೂ ಇಷ್ಟು ಮಂದಿ ಸೇರ್ತಾರ ಅಂತ ಇವತ್ತ ಗೊತ್ತಾತು. ಮೊದಲ ಒಂದು ಪ್ರಶ್ನೆ ಕೇಳ್ತೀನಿ. ಮುಂಜಾನೆ ಐದಕ್ಕ ನಿಮ್ಮನ್ನ ಬೆಕ್ಕು ಎಬ್ಬಸ್ತೈತಿ ಅನ್ನೋರು ಕೈ ಎತ್ರಿ. ಹಾಂ, ಭಾಳ ಮಂದಿ ಅದೀರಿ. ಈಗ ಬೆಕ್ಕನ್ನ ಎಬ್ಬಿಸಿ ಅದರ ಕಡಿಂದ ಏನರೆ ಕೆಲಸ ಮಾಡಿಸಿದವರು ಎತ್ರಿ ನೋಡೋಣು. ಯಾರೂ ಇಲ್ಲ. ಖರೇ ಅಂದ್ರ ಉಪನ್ಯಾಸ ಇಲ್ಲಿಗೇ ಮುಗೀಬೇಕು, ಆದ್ರ ಚಾ ಬರಾಕ ಇನ್ನೂ ಟೈಮ್ ಐತಿ ಅಂತ ಸಂಘಟಕರು ಸನ್ನಿ ಮಾಡಾಕತ್ತಾರ, ಅದಕ್ಕ ಮುಂದುವರಸ್ತೀನಿ.

ಬೆಕ್ಕು ನಸುಕಿನ್ಯಾಗ ಮತ್ತ ಮುಚ್ಚಂಜಿಗೆ ಚುರುಕಾಗಿರೋ ಬೇಟಿ ಪ್ರಾಣಿ, ಹಂಗಾಗಿ ಐದಕ್ಕ ಏಳೂದು ಅದರ ತಪ್ಪಲ್ಲ, ಅದು ತಾನು ಎದ್ದು ಸುಮ್ನ ಕುಂದ್ರಬಹುದಿತ್ತು, ಆದ್ರ ನಿಮ್ಮನ್ನ ಎಬ್ಬಸ್ತೈತಿ ನೋಡ್ರಿ, ಅದು ಕಲತದ್ದು, ಮತ್ತ ಕಲಿಸಿದವರು ನಾವು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದಾಗ ಕ್ಯಾರೆನ್ ಮೆಕ್‌ಕೋಂಬ್ ಅಂತ ಒಬ್ಬ ವಿಜ್ಞಾನಿ ಅದಾರ, ಅವರ ಬೆಕ್ಕೂ ಹಿಂಗ ದಿನಾ ಮುಂಜಾನೆ ಗುರುಗುರು ಅಂತ ಎಬ್ಬಸ್ತಿತ್ತಂತ. ನಾವಾಗಿದ್ರ ಬೈದು ಮಗ್ಗಲಾಗ್ತಿದ್ವಿ, ಅವರು ರೆಕಾರ್ಡ್ ಮಾಡಿದ್ರು. 2009ರಾಗ ಪ್ರಕಟ ಆದ ಅಧ್ಯಯನದಾಗ ಅವರು ತೋರಿಸಿದ್ದು ಏನಪಾ ಅಂದ್ರ, ಬೆಕ್ಕು ಆರಾಮಾಗಿ ಮಲ್ಕೊಂಡು ಗುರುಗುಡೂದು ಬ್ಯಾರೆ, ಊಟ ಬೇಡಿ ಗುರುಗುಡೂದು ಬ್ಯಾರೆ. ಬೇಡೂ ದನಿಯೊಳಗ ಕೂಸಿನ ಅಳು ಇದ್ದಂಗ ಒಂದು ಸಣ್ಣ ಎತ್ತರದ ಸ್ವರ ಸೇರಿರತೈತಿ, ಎಂದೂ ಬೆಕ್ಕು ಸಾಕಿರದ ಮಂದಿಗೂ ಅದನ್ನ ಕೇಳಿಸಿದ್ರ "ಇದ್ಯಾಕೋ ಅರ್ಜಂಟ್ ಐತಿ" ಅಂತ ಅನಸ್ತಿತ್ತು. ಕೂಸು ಅತ್ರ ಸುಮ್ನ ಕುಂದ್ರಾಕ ನಮಗ ಆಗಂಗಿಲ್ಲಲ್ಲ, ಆ ಬಾಗಲಕ್ಕ ಬಂದು ಬಡೀತೈತಿ ಇದು.

ಮಿಯಾಂವ್ ಅನ್ನೂದಂತೂ ಇನ್ನೂ ಮಜಾ. ಮರಿ ಇದ್ದಾಗ ತಾಯಿಗೆ ಒದರತೈತಿ, ದೊಡ್ಡದಾದ ಮ್ಯಾಲೆ ಬೆಕ್ಕು ಬೆಕ್ಕಿಗೆ ಮಿಯಾಂವ್ ಅನ್ನೂದು ಭಾಳ ಕಡಿಮಿ, ತಮ್ಮತಮ್ಮೊಳಗ ವಾಸನಿ, ಬಾಲ, ಕಿವಿ ಇಂಥದ್ರಾಗ ಮುಗಸ್ತಾವ (ಜಗಳದ ಕಿರಚಾಟ ಬ್ಯಾರೆ, ಅದು ನಮ್ಮ ಓಣಿಗೆಲ್ಲಾ ಗೊತ್ತು). ಆ ದನಿ ಉಳದದ್ದು ಮನಷ್ಯಾರ ಸಲುವಾಗಿ. ಇವಕ್ಕ ಮೂಗಿಲ್ಲ, ಬಾಲ ತಿಳಿಯಂಗಿಲ್ಲ, ಒದರಿದ್ರ ಅಷ್ಟ ಎದ್ದು ಬರ್ತಾವ ಅಂತ ಗೊತ್ತಾಗೇತಿ. ಯಾವ ದನಿಗೆ ಫ್ರಿಜ್ ತೆಗೀತಾರ, ಯಾವುದಕ್ಕ ಹಿತ್ತಲ ಬಾಗಲಾ ತೆಗೀತಾರ ಅನ್ನೂದನ್ನ ಪ್ರತಿ ಬೆಕ್ಕೂ ತನ್ನ ಮನಿ ಮಂದಿ ಮ್ಯಾಲೆ ಪ್ರಯೋಗ ಮಾಡಿ ಮಾಡಿ ಗಟ್ಟಿ ಮಾಡ್ಕೋತೈತಿ.

ಈಗ ಕೆಲವರು ಅಂತೀರಿ, "ಸರ್, ನಾವು ಎರಡು ದಿನ ಎದ್ದೇಳಲಿಲ್ಲ, ಕಿವಿಗೆ ಹೊದಿಕಿ ಹಾಕ್ಕೊಂಡು ಮಲಗಿದ್ವಿ" ಅಂತ. ಮೂರನೇ ದಿನ ಏನ್ ಮಾಡಿದ್ರಿ? "ತಡಕೋಳಾಕ ಆಗಲಿಲ್ಲರೀ, ಎದ್ದು ಹಾಕಿಬಿಟ್ವಿ." ಅಲ್ಲೇ ಕೆಡ್ತು! ದಿನಾ ಸಿಗೂ ಲಾಭಕ್ಕಿಂತ ಯಾವಾಗರೆ ಒಮ್ಮೆ ಸಿಗೂ ಲಾಭ ಹೆಚ್ಚು ಹಟ ಕಲಸ್ತೈತಿ, ಮಟ್ಕಾ ಆಡೋರು ಬಿಡಂಗಿಲ್ಲಲ್ಲ ಹಂಗ. ಮೂರು ದಿನ ಒದರಿದ್ರ ಅನ್ನ ಬೀಳತೈತಿ ಅಂತ ನೀವೇ ಹೇಳಿಕೊಟ್ಟಂಗಾತು. ಬಿಡಿಸಬೇಕಂದ್ರ ಪೂರ್ತಿ ಬಿಡಿಸ್ಬೇಕು, ಮೊದಲ ಕೆಲವು ದಿನ ಒದರೂದು ಇನ್ನೂ ಜೋರಾಗತೈತಿ, ಆವಾಗ ಮನಿ ಮಂದಿ ಎಲ್ಲಾ ಒಂದ ಮಾತಿಗೆ ನಿಂದರಬೇಕು, ಆಯಿ ಗುಟ್ಟಿಲೆ ಎದ್ದು ಹಾಲು ಹಾಕಬಾರದು. ಆಯಿ ಹಾಕೇ ಹಾಕ್ತಾಳ, ಅದು ಬ್ಯಾರೆ ಮಾತು. ಮತ್ತ ಹೊಡಿಬ್ಯಾಡ್ರಿ. ತೆನಾಲಿ ರಾಮ ಬೆಕ್ಕಿಗೆ ಸುಡುಸುಡು ಹಾಲು ಕುಡಿಸಿ ಹಾಲು ಕಂಡ್ರ ಓಡೂವಂಗ ಮಾಡಿದ್ದ ಅಂತ ಕಥಿ ಕೇಳೀರಲ್ಲ, ಹೊಡೆತದಿಂದ ಬೆಕ್ಕು ಅಷ್ಟ ಕಲೀತೈತಿ, ನಿಮ್ಮನ್ನ ಕಂಡ್ರ ಓಡೂದು.

ಹೆಸರು ಹಿಡದು ಕರದ್ರ ಬರಂಗಿಲ್ಲ, ಅದಕ್ಕ ತಿಳಿಯಂಗಿಲ್ಲ ಅಂತ ಪಾಪ ಅನ್ನೋರೂ ಅದೀರಿ. ಪಾಪ ಏನಿಲ್ಲ. ಜಪಾನಿನ ಅತ್ಸುಕೊ ಸೈಟೊ ಮತ್ತವರ ಸಂಗಡಿಗರು 2013ರಾಗ, ಬೆಕ್ಕು ಮಾಲೀಕರ ದನಿ ಗುರ್ತು ಹಿಡೀತೈತಿ ಅಂತ ತೋರಿಸಿದ್ರು, 2019ರಾಗ ತನ್ನ ಹೆಸರನ್ನ ಬ್ಯಾರೆ ಶಬ್ದದಿಂದ ಬಿಡಿಸಿ ತಿಳೀತೈತಿ ಅಂತನೂ ತೋರಿಸಿದ್ರು. ಕಿವಿ ತಿರುಗತೈತಿ, ತಲಿ ಹೊಳ್ಳತೈತಿ, ಕಾಲು ಮಾತ್ರ ಏಳಂಗಿಲ್ಲ. ಕೇಳಿಸೇತಿ, ಬರೂದು ಬ್ಯಾಡ ಅನಿಸೇತಿ, ಅಷ್ಟ.

ಈ ಸೊಕ್ಕು ಎಲ್ಲಿಂದ ಬಂತು ಅಂದ್ರ ಸ್ವಲ್ಪ ಹಿಂದಕ್ಕ ಹೋಗಬೇಕು. ನಾಯಿ, ದನ, ಕುರಿ ಇವನ್ನ ಕೆಲಸಕ್ಕೋ ಹಾಲಿಗೋ ಮನಷ್ಯಾ ಆರಿಸಿ ಆರಿಸಿ ಪಳಗಿಸಿದ. ಬೆಕ್ಕು ತಾನೇ ಬಂತು. ಪಶ್ಚಿಮ ಏಷ್ಯಾದ ಕಡೆ ಮಂದಿ ಕಾಳು ಬೆಳದು ಕೂಡಿಡಾಕ ಶುರು ಮಾಡಿದ್ರು, ಕಾಳಿಗೆ ಇಲಿ ಬಂತು, ಇಲಿಗೆ ಕಾಡಬೆಕ್ಕು ಬಂತು, ಯಾರೂ ಕರೀಲಿಲ್ಲ, ಓಡಿಸಲೂ ಇಲ್ಲ. ಸೈಪ್ರಸ್ ದ್ವೀಪದಾಗ ಸುಮಾರು 9,500 ವರ್ಷದ ಹಿಂದ ಒಬ್ಬ ಮನಷ್ಯಾನ ಮಗ್ಗಲಿಗೇ ಒಂದು ಬೆಕ್ಕನ್ನ ಹುಗಿದದ್ದು ಸಿಕ್ಕೈತಿ, ಅಂದ್ರ ಅಷ್ಟೊತ್ತಿಗೇ ಸಲಿಗಿ ಬೆಳದಿತ್ತು. ನಮ್ಮ ಗದಗ, ಹಾವೇರಿ ಕಡೆ ಜೋಳದ ಹಗೇವು ಇದ್ದ ಕಾಲದಾಗೂ ಲೆಕ್ಕ ಇದ ಇತ್ತು, ಇಲಿ ಹಿಡಿ, ಇರು. ಬದಲಿಗೆ ನಾವು ಏನ್ ಮಾಡಿದ್ವಿ? ಬೆಣ್ಣಿ ಮಸರು ಉಳಿಸ್ಕೋಳಾಕ ನೆಲುವು ಕಟ್ಟಿ ಗಡಗಿ ಮ್ಯಾಲ ತೂಗ ಹಾಕಿದ್ವಿ. ಬೆಕ್ಕಿನ ಸ್ವಭಾವ ಬದಲ ಮಾಡಾಕ ಆಗಲಿಲ್ಲ, ಅಡಗಿಮನಿ ಬದಲ ಮಾಡ್ಕೊಂಡ್ವಿ.

ಇನ್ನ "ನಮ್ಮ ಬೆಕ್ಕು ಪಕ್ಕಾ ಶಾಖಾಹಾರಿ ರೀ, ಹಾಲನ್ನ ಬಿಟ್ರ ಏನೂ ಮುಟ್ಟಂಗಿಲ್ಲ" ಅನ್ನೋ ಅಕ್ಕಾರು ಇಲ್ಲೆ ಇರಬೇಕು. ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾರ, ಅದು ನಿಮ್ಮ ಮನ್ಯಾಗ ಅಷ್ಟ ಶಾಖಾಹಾರಿ. ಹಿತ್ತಲದಾಗ ಹಲ್ಲಿ ಐತಿ, ಇಲಿ ಐತಿ, ಬಾಜೂ ಮನ್ಯಾಗ ಅದಕ್ಕ ಇನ್ನೊಂದು ಹೆಸರೂ ಇರಬಹುದು, ಮೀನಿನ ತಾಟೂ ಇರಬಹುದು. ಟಾರಿನ್ ಅನ್ನೂ ಅಂಶ ಬೆಕ್ಕಿನ ಮೈ ತನಗ ಬೇಕಾದಷ್ಟು ತಯಾರ ಮಾಡ್ಕೋಳಂಗಿಲ್ಲ, ಅದು ಊಟದಿಂದನ ಬರಬೇಕು, ಮಾಂಸದಾಗ ಇರತೈತಿ, ಕಡಿಮಿ ಬಿದ್ರ ಕಣ್ಣು ಹೋಗತಾವ, ಹೃದಯ ಕೆಡತೈತಿ, ಹೃದಯದ ಸಂಗತಿ 1987ರಾಗ ಖಾತ್ರಿ ಆತು. ಮನ್ಯಾಗ ಮಾಂಸ ತರಂಗಿಲ್ಲ ಅಂದ್ರ ಟಾರಿನ್ ಹಾಕಿದ ಪ್ಯಾಕೆಟ್ ಫುಡ್ ಕೊಡ್ರಿ. ಪೇಢಾ ತಿಂತೈತಿ ಅಂತ ಹೆಮ್ಮೆಲೆ ಹೇಳೋರಿಗೂ ಒಂದು ಮಾತು, ಬೆಕ್ಕಿಗೆ ಸಿಹಿ ರುಚೀನ ಗೊತ್ತಾಗಂಗಿಲ್ಲ, ಅದಕ್ಕ ಬೇಕಾದ ಜೀನ್ ಅದರಾಗ ಕೆಟ್ಟೈತಿ ಅಂತ 2005ರಾಗ ಕಂಡಕೊಂಡಾರ. ಅದು ಬರೂದು ಖೋವಾದ ಜಿಡ್ಡಿಗೆ. ನಮ್ಮ ಧಾರವಾಡ ಪೇಢಾಕ್ಕ ಇದಕ್ಕಿಂತ ದೊಡ್ಡ ಅವಮಾನ ಆಗಿಲ್ಲ.

ಹಂಗಂತ ಬೆಕ್ಕಿಗೆ ನಮ್ಮ ಮ್ಯಾಲೆ ಮಾಯೆ ಇಲ್ಲ, ಬರೇ ಹೊಟ್ಟಿಪಾಡು ಅನ್ನೂದನ್ನ ನಾನು ಒಪ್ಪಂಗಿಲ್ಲ. 2019ರಾಗ ಅಮೆರಿಕದ ಒರೆಗಾನ್‌ದಾಗ ಮರಿಗಳನ್ನ ಹೊಸ ಖೋಲ್ಯಾಗ ಸಾಕಿದವರ ಕೂಡ ಬಿಟ್ಟು, ಸ್ವಲ್ಪ ಹೊತ್ತು ಅವರನ್ನ ಹೊರಗ ಕಳಿಸಿ, ಹೊಳ್ಳಿ ಬಂದಾಗ ಏನ್ ಮಾಡತಾವ ನೋಡಿದ್ರು. ಹತ್ತರಾಗ ಆರಕ್ಕಿಂತ ಹೆಚ್ಚು ಮರಿ ಅವರನ್ನ ನೋಡಿ ಧೈರ್ಯ ತಗೊಂಡು ಆಡಾಕ ಹೋದುವು. ಭರವಸಿ ಐತಿ, ತಾಬೇದಾರಿ ಇಲ್ಲ.

ಹಂಗಾರ ನಮ್ಮ ಕೈಯಾಗ ಏನೂ ಇಲ್ಲೇನು? ಐತಿ, ಮತ್ತ ಅಲ್ಲೆ ನಾವು ಜಾರ್ಕೋತೀವಿ, ಅದ ನನಗ ಸಿಟ್ಟು. ಸೋಫಾ ಹರಿತು ಅಂತ ಚೀರ್ತೀವಿ, ಆಪರೇಷನ್ ಮಾಡಸ್ರಿ ಅಂದ್ರ "ಪಾಪ, ಒಂದು ಸಲ ಮರಿ ಹಾಕ್ಲಿ" ಅಂತೀವಿ. ಐದಾರು ತಿಂಗಳಿಗೆ ಗಬ್ಬಾಗತೈತಿ, ಎರಡು ತಿಂಗಳಿಗೆ ಮರಿ, ಆ ಮರಿ ರಾತ್ರಿ ಚೀಲದಾಗ ಹಾಕಿ ಮಾರ್ಕೆಟ್ಟಿಗೆ ಬಿಟ್ಟು ಬರೋರು ಯಾರು? ಬೆಕ್ಕಂತೂ ಅಲ್ಲ. ಜ್ವರಾ ಬಂದೈತಿ ಅಂತ ಮನ್ಯಾಗಿನ ಪ್ಯಾರಾಸಿಟಮಾಲ್ ಕೊಡಬ್ಯಾಡ್ರಿ, ಒಂದ ಗುಳಿಗಿ ಜೀವಾ ತಗೀತೈತಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ಸಾರು ಕಲಸಿ ಹಾಕಬ್ಯಾಡ್ರಿ, ರಕ್ತ ಕೆಡತೈತಿ. ರೇಬಿಸ್ ಇಂಜೆಕ್ಷನ್ ಬೆಕ್ಕಿಗೂ ಬೇಕು, ಬೆಕ್ಕು ಪರಚಿದ್ರ, ಕಚ್ಚಿದ್ರ ನೀವೂ ಸಾಬೂನು ಹಚ್ಚಿ ತೊಳಕೊಂಡು ದವಾಖಾನಿಗೆ ಹೋಗಬೇಕು, ಅರಿಷಿಣ ಹಚ್ಚಿ ಕುಂದ್ರೂದಲ್ಲ.

ಇಷ್ಟು ನನ್ನ ಮಾತು. ಚಾ ಬಂತಂತ. ಪ್ರಶ್ನೆ ಇದ್ದವರು ಕಪ್ಪು ಹಿಡಕೊಂಡೇ ಕೇಳ್ರಿ, ಸೋಫಾದ ಪ್ರಶ್ನೆ ಮಾತ್ರ ಬ್ಯಾಡ್ರಿ, ನಮ್ಮ ಮನೀದೂ ಹರದೈತಿ.