ದಿನವೂ ಯೋಗ ಮಾಡಬೇಕೆ?

ಕೇಳುಗರಿಗೆ ನಮಸ್ಕಾರ. ಯೋಗ ಕಲಿಯಲು ಹೊರಟವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆಯೊಂದಿದೆ: ದಿನಾ ಮಾಡಬೇಕೆ, ದಿನ ಬಿಟ್ಟು ದಿನ ಮಾಡಿದರೆ ಸಾಲದೆ?

ಏನು ಮಾಡುತ್ತೀರಿ ಎಂದು ಕೇಳದೆ ಇದಕ್ಕೆ ಉತ್ತರ ಹೇಳಲಾಗದು. ನಿಧಾನವಾದ ಉಸಿರಾಟ, ನಾಲ್ಕಾರು ಸರಳ ಆಸನ, ಕೊನೆಗೊಂದು ಶವಾಸನ; ಇಷ್ಟಕ್ಕೆ ರಜೆಯೇ ಬೇಡ. ಬೆವರಿಳಿಸುವ ಸೂರ್ಯನಮಸ್ಕಾರ, ಅಂಗೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ನೇರವಾಗಿ ಹಿಡಿದು ನೆಲದತ್ತ ಇಳಿಸುವ ಚತುರಂಗ ದಂಡಾಸನ, ಮೈಭಾರವನ್ನೆಲ್ಲ ಅಂಗೈ ಮೇಲೆ ಹೊರುವ ಬಕಾಸನ, ಇವುಗಳ ಲೆಕ್ಕ ಬೇರೆ.

ಹೊಸದಾಗಿ ಚತುರಂಗ ಕಲಿತವರಿಗೆ ಮರುದಿನ ತೋಳು ಎತ್ತುವುದೇ ಕಷ್ಟವಾಗುತ್ತದೆ. ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡಿದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಆ ಆಮ್ಲದ ಕೆಲಸವಲ್ಲ. ವ್ಯಾಯಾಮ ಮುಗಿದ ಒಂದೆರಡು ಗಂಟೆಯಲ್ಲೇ ಅದು ಮಾಮೂಲಿ ಮಟ್ಟಕ್ಕೆ ಇಳಿದಿರುತ್ತದೆ. ಈ ನೋವು ಜೋರಾಗುವುದು 24ರಿಂದ 72 ಗಂಟೆಗಳ ನಡುವೆ. ನೆಲದತ್ತ ಮೆಲ್ಲಗೆ ಇಳಿಯುವಾಗ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು. ರೂಢಿಯಿಲ್ಲದ ಆ ಶ್ರಮಕ್ಕೆ ಅದರ ಎಳೆಗಳು ಅಲ್ಲಲ್ಲಿ ಸೂಕ್ಷ್ಮವಾಗಿ ಘಾಸಿಗೊಳ್ಳುತ್ತವೆ. ಅದನ್ನು ದೇಹ ಸರಿಪಡಿಸಿಕೊಳ್ಳುವ ಹೊತ್ತಿನಲ್ಲೇ ಬಲವೂ ಕೂಡಿಕೊಳ್ಳುತ್ತದೆ. ಹಾಗಾಗಿ ಹೊಸಬರು ಶ್ರಮದ ಅಭ್ಯಾಸವನ್ನು ವಾರಕ್ಕೆ ಎರಡು ಮೂರು ಸಲ, ನಡುವೆ ಒಂದೊಂದು ದಿನ ಬಿಟ್ಟು ಮಾಡಿದರೆ ಸಾಕು. ಉಳಿದ ದಿನ ಹತ್ತು ಹದಿನೈದು ನಿಮಿಷ ಹಗುರವಾಗಿ ಮಾಡಬಹುದು.

ನನಗೆ ಹೆಚ್ಚು ಚಿಂತೆ ಸ್ನಾಯುವಿನದ್ದಲ್ಲ, ಅದನ್ನು ಮೂಳೆಗೆ ಕಟ್ಟಿಹಾಕುವ ರಜ್ಜುವಿನದ್ದು. ರಜ್ಜುವಿಗೆ ರಕ್ತಸಂಚಾರ ಕಡಿಮೆ, ಹಾಗಾಗಿ ಅದು ಬಲಿಯುವುದೂ ಮಾಯುವುದೂ ತಡ. ಕಾಲು ಚಾಚಿ ಕೂತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನವನ್ನೇ ನೋಡಿ. ಹಣೆ ಮೊಣಕಾಲಿಗೆ ಮುಟ್ಟಲೇಬೇಕೆಂದು ದಿನವೂ ಹಠ ಹಿಡಿದು ಎಳೆದವರಿಗೆ ಕೆಲವು ತಿಂಗಳಲ್ಲಿ ಪೃಷ್ಠದ ಕೆಳಗೆ, ಕುರ್ಚಿಗೆ ಒತ್ತುವ ಮೂಳೆಯ ಹತ್ತಿರ ನೋವು ಶುರುವಾಗಬಹುದು. ಬೆರಳಿಟ್ಟು ತೋರಿಸುವಷ್ಟು ಒಂದೇ ಜಾಗದಲ್ಲಿ. ಬಹಳ ಹೊತ್ತು ಕೂತರೆ ಹೆಚ್ಚು. ತೊಡೆ ಬಿಗಿಯಾಗಿದೆ ಎಂದುಕೊಂಡು ಇನ್ನಷ್ಟು ಎಳೆಯುತ್ತಾರೆ, ಕೆಡುವುದೇ ಅಲ್ಲಿ. ಅಂಥ ನೋವಿದ್ದರೆ ಆಳವಾದ ಮುಂಬಾಗುಗಳನ್ನು ಕೆಲವು ವಾರ ಬಿಡಿ, ಬಾಗಲೇಬೇಕಾದಾಗ ಮಂಡಿ ಮಡಿಸಿ. ಅಂಗಾತ ಮಲಗಿ ಸೊಂಟ ಎತ್ತುವ ಸೇತುಬಂಧಾಸನದಂಥವು ನೋವು ಹೆಚ್ಚಿಸದಿದ್ದರೆ ಮಾಡಿ, ಅಲ್ಲಿ ಬೇಕಿರುವುದು ಎಳೆತವಲ್ಲ, ಬಲ. ಆದರೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ವಾಸಿಯಾಗಲು ತಿಂಗಳುಗಳೇ ಹಿಡಿಯುವುದುಂಟು.

ಬಿಡುವು ಎಂದರೆ ಸೋಮಾರಿತನ ಎನ್ನುವವರು ಪರಂಪರೆಯನ್ನೇ ಒಮ್ಮೆ ನೋಡಲಿ. ಕಠಿಣವೆಂದು ಹೆಸರಾದ ಅಷ್ಟಾಂಗ ವಿನ್ಯಾಸ ಯೋಗವನ್ನು ಕಲಿಸಿದ ಪಟ್ಟಾಭಿ ಜೋಯಿಸರ ಪದ್ಧತಿಯಲ್ಲಿ ಅಭ್ಯಾಸ ವಾರಕ್ಕೆ ಆರು ದಿನ. ಅಮಾವಾಸ್ಯೆ, ಹುಣ್ಣಿಮೆಗೂ ರಜೆ. ಹಳೆಯ ಯೋಗಗ್ರಂಥವಾದ ಹಠಯೋಗ ಪ್ರದೀಪಿಕೆ ಯೋಗವನ್ನು ಕೆಡಿಸುವ ಆರು ಸಂಗತಿಗಳಲ್ಲಿ ಅತಿಯಾದ ಪ್ರಯಾಸವನ್ನೂ ನಿಯಮದ ಹಠವನ್ನೂ ಸೇರಿಸಿದೆ. ಮೊಬೈಲಿನಲ್ಲಿ ಎಷ್ಟು ದಿನ ತಪ್ಪದೆ ಮಾಡಿದೆ ಎಂದು ಎಣಿಸಿಕೊಂಡು, ಜ್ವರದಲ್ಲೂ ಚಾಪೆ ಹಾಸುವವರು ಇದನ್ನು ಗಮನಿಸಬೇಕು!

ವರ್ಷಗಟ್ಟಲೆ ರೂಢಿಯಿರುವವರು ಐದಾರು ದಿನ ಮಾಡಲಿ, ತೊಂದರೆಯಿಲ್ಲ. ಆದರೆ ಇಂದು ಭುಜಕ್ಕೆ ದುಡಿಮೆಯಾದರೆ ನಾಳೆ ನಿಂತು ಮಾಡುವ ಆಸನಗಳಿರಲಿ, ನಾಡಿದ್ದು ಹಗುರವಾಗಿರಲಿ. ಸಾಕಾಗಿದೆ ಎಂಬುದನ್ನು ದೇಹ ಮೊದಲೇ ತಿಳಿಸುತ್ತದೆ. ಬೆಳಿಗ್ಗೆ ಎದ್ದ ಕೂಡಲೇ, ಹಾಸಿಗೆ ಬಿಡುವ ಮುನ್ನ ನಾಡಿ ಎಣಿಸಿ. ಕೆಲವು ದಿನ ಸತತವಾಗಿ ಅದು ಎಂದಿಗಿಂತ ಜೋರಾಗಿದ್ದರೆ, ಜೊತೆಗೆ ನಿದ್ದೆಯೂ ಸರಿಯಿಲ್ಲದೆ ಸಣ್ಣದಕ್ಕೂ ಸಿಡುಕು ಬರುತ್ತಿದ್ದರೆ, ಎರಡು ದಿನ ಶವಾಸನವಷ್ಟೇ ಸಾಕು. ನಿದ್ದೆ ಏಳು ಗಂಟೆಗೆ ಕಡಿಮೆಯಾಗದಿರಲಿ. ನಿದ್ದೆಗೆಟ್ಟು ನಸುಕಿನಲ್ಲಿ ಮಾಡುವ ಕಠಿಣ ಅಭ್ಯಾಸದಿಂದ ಲಾಭಕ್ಕಿಂತ ನಷ್ಟವೇ ಹೆಚ್ಚೆಂದು ನನ್ನ ಅಭಿಪ್ರಾಯ.

ಕಾಯಿಲೆಯಿಂದಲೋ ಪ್ರಯಾಣದಿಂದಲೋ ಅಭ್ಯಾಸ ಎರಡು ಮೂರು ವಾರ ತಪ್ಪಿದ್ದರೆ, ಬಿಟ್ಟ ಕಡೆಯಿಂದಲೇ ಹಿಡಿಯಲು ಹೋಗಬೇಡಿ. ಹನ್ನೆರಡು ಸೂರ್ಯನಮಸ್ಕಾರ ಹಾಕುತ್ತಿದ್ದವರು ಆರರಿಂದ ಶುರುಮಾಡಿ, ಮರುದಿನ ಮೈ ಹೇಗಿದೆ ನೋಡಿಕೊಂಡು ಒಂದೊಂದಾಗಿ ಏರಿಸಿ. ನಮಸ್ಕಾರ.