ಮೊದಲ ಚಮಚೆಗೂ ಮೊದಲು

(ಉಡುಪಿಯಲ್ಲಿ ಹೆತ್ತವರು, ಶಿಕ್ಷಕರು, ಆಶಾ ಕಾರ್ಯಕರ್ತೆಯರು ಮತ್ತು ಮೆಡಿಕಲ್ ಅಂಗಡಿಯವರ ಸಭೆಯಲ್ಲಿ ಮಕ್ಕಳ ವೈದ್ಯರೊಬ್ಬರು ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತವರು ಮುಂದೆ ಬನ್ನಿ, ಎದುರಿನ ಸಾಲು ಪೂರ್ತಿ ಖಾಲಿ ಉಂಟು. ಇವತ್ತು ಯಾರಿಗೂ ಸೂಜಿ ಚುಚ್ಚುವುದಿಲ್ಲ, ಹೆದರಬೇಡಿ.

ನವೆಂಬರ್ 18ರಿಂದ 24ರ ವರೆಗೆ ಜಗತ್ತಿನ ಎಲ್ಲ ಕಡೆ ಆ್ಯಂಟಿಬಯಾಟಿಕ್‌ಗಳ ಬಗ್ಗೆ ಎಚ್ಚರ ಮೂಡಿಸುವ ವಾರ. ಆ್ಯಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಅಂತ ಸಂಘಟಕರು ಕೊಟ್ಟ ವಿಷಯ ದೊಡ್ಡದು. ಮುಕ್ಕಾಲು ಗಂಟೆಯಲ್ಲಿ ಅದು ಮುಗಿಯುವುದಿಲ್ಲ. ಹಾಗಾಗಿ ಒಂದೇ ಜ್ವರ ಹಿಡಿದುಕೊಂಡು ಬಂದಿದ್ದೇನೆ, ಮಕ್ಕಳ ಟೈಫಾಯ್ಡ್. ಪುಸ್ತಕದಲ್ಲಿ ಇದಕ್ಕೆ ವಿಷಮಶೀತ ಜ್ವರ ಅಂತ ಹೆಸರು. ಮೂವತ್ತು ವರ್ಷದಲ್ಲಿ ಆ ಹೆಸರು ಹೇಳಿಕೊಂಡು ನನ್ನ ಕ್ಲಿನಿಕ್ಕಿಗೆ ಒಬ್ಬರೂ ಬಂದದ್ದಿಲ್ಲ.

ಮೊದಲು ಈ ಬಾಟಲಿ ನೋಡಿ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು. ಒಳಗೆ ತೆಳು ಹಳದಿ ಬಣ್ಣದ ತಿಳಿ ಉಂಟಲ್ಲ, ಅದು ಬ್ಯಾಕ್ಟೀರಿಯಾಕ್ಕೆ ಊಟ. ಜ್ವರದ ಮಗುವಿನ ಒಂದರಿಂದ ಮೂರು ಎಂಎಲ್ ರಕ್ತವನ್ನು ಇದಕ್ಕೆ ಹಾಕಿ ಮೈ ಬಿಸಿಯಷ್ಟೇ ಬಿಸಿಯಲ್ಲಿ ಇಡುತ್ತಾರೆ. ರಕ್ತದಲ್ಲಿ ಟೈಫಾಯ್ಡ್ ಬ್ಯಾಕ್ಟೀರಿಯಾ ಇದ್ದರೆ ಎರಡು ಮೂರು ದಿನದಲ್ಲಿ ಬೆಳೆದು ತೋರುತ್ತದೆ. ಆಮೇಲೆ ಅದು ಯಾವ ಮದ್ದಿಗೆ ಸಾಯುತ್ತದೆ, ಯಾವುದಕ್ಕೆ ಜಪ್ಪಯ್ಯ ಅನ್ನುವುದಿಲ್ಲ ಅಂತ ಪರೀಕ್ಷೆ ಮಾಡುತ್ತಾರೆ. ಇದೇ ಬ್ಲಡ್ ಕಲ್ಚರ್. ಹಿಡಿಯಿರಿ, ಕೈಯಿಂದ ಕೈಗೆ ದಾಟಿಸಿ, ಹಿಂದಿನ ಸಾಲಿನ ತನಕ ಹೋಗಲಿ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಆ್ಯಂಟಿಬಯಾಟಿಕ್‌ನ ಮೊದಲ ಚಮಚೆ ಮಗುವಿನ ಬಾಯಿಗೆ ಹೋಗುವ ಮೊದಲು ಮಗುವಿನ ರಕ್ತ ಈ ಬಾಟಲಿಗೆ ಹೋಗಬೇಕು.

ಯಾಕೆ ಇಷ್ಟು ಹಟ ಅಂತ ಕೇಳಬಹುದು. ಒಬ್ಬರು ಅಜ್ಜಿಯ ಕತೆ ಹೇಳುತ್ತೇನೆ. ಕುಂದಾಪುರದ ಆಚೆಯವರು. ಒಂದು ಮಳೆಗಾಲ, ನಾಲ್ಕು ವರ್ಷದ ಮೊಮ್ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಒಂಬತ್ತು ದಿನದ ಜ್ವರ. ನಾಲಿಗೆಯ ಮೇಲೆ ಬಿಳಿ ಪದರ, ಅಂಚು ಮಾತ್ರ ಕೆಂಪು. ಹೊಟ್ಟೆ ಉಬ್ಬಿತ್ತು, ಕೈಯಿಟ್ಟರೆ ಊದಿದ ಗುಲ್ಮ, ಅಂದರೆ ಸ್ಪ್ಲೀನ್, ತಾಗುತ್ತಿತ್ತು. ಗಂಜಿ ತಿಳಿ ಕೂಡ ಬೇಡ ಅನ್ನುವ ಮಗು. ಇಲ್ಲಿಯವರೆಗೆ ಏನು ಕೊಟ್ಟಿದ್ದೀರಿ ಅಂತ ಕೇಳಿದೆ. ಅಜ್ಜಿ ಚೀಲದಿಂದ ಒಂದು ಬಿಸ್ಕತ್ ಡಬ್ಬಿ ತೆಗೆದು ನನ್ನ ಮೇಜಿನ ಮೇಲೆ ಇಟ್ಟರು. "ಮದ್ದ್ ಕೊಡ್ದೆ ಕೂತದ್ದಲ್ಲ ಡಾಕ್ಟ್ರೇ, ಎಲ್ಲ ಇದ್ರಗೆ ಇತ್ತ್ ಕಾಣಿ."

ಎಲ್ಲ ಇತ್ತು ನಿಜ, ಮೂರು ಬಗೆಯ ಆ್ಯಂಟಿಬಯಾಟಿಕ್. ಒಂದು ಸೆಫಿಕ್ಸಿಮ್ ಸಿರಪ್, ಕುತ್ತಿಗೆಯೆಲ್ಲ ಅಂಟು ಅಂಟು, ಅರ್ಧ ಉಳಿದಿತ್ತು. ಅದು ಅಣ್ಣನಿಗೆ ಹಿಂದಿನ ವರ್ಷ ತಂದದ್ದು. ಅವನಿಗೆ ಜ್ವರ ಬಿಟ್ಟ ಕೂಡಲೇ ನಿಲ್ಲಿಸಿ, "ಹಾಳು ಮಾಡುವುದು ಎಂತಕ್ಕೆ" ಅಂತ ಫ್ರಿಜ್ಜಿನಲ್ಲಿ ಇಟ್ಟಿದ್ದರು. ಪುಡಿಗೆ ನೀರು ಬೆರೆಸಿದ ಮೇಲೆ ಆ ಸಿರಪ್ಪಿನ ಆಯುಷ್ಯ ಒಂದೆರಡು ವಾರ ಅಷ್ಟೇ. ಇನ್ನೊಂದು ಅಜಿತ್ರೋಮೈಸಿನ್, ಗಂಟಲು ನೋವಿಗೆ ಕೊಡುವ ಹಾಗೆ ಮೂರೇ ದಿನ ಕುಡಿಸಿದ್ದು. ಮೂರನೆಯದು ದೊಡ್ಡವರ ಮಾತ್ರೆ, ಕತ್ತರಿಯಲ್ಲಿ ಅರ್ಧ ಮಾಡಿದ ಸ್ಟ್ರಿಪ್. ಆ್ಯಂಟಿಬಯಾಟಿಕ್ ಸ್ಟ್ರಿಪ್ಪಿನ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ, ವೈದ್ಯರ ಚೀಟಿ ಇಲ್ಲದೆ ನುಂಗಬೇಡಿ ಅಂತ. 2016ರಲ್ಲಿ ಸರಕಾರ ಅದರ ಪ್ರಚಾರವನ್ನೂ ಮಾಡಿತ್ತು. ಅಂಗಡಿಯಲ್ಲಿ ಕತ್ತರಿಸಿ ಕೊಡುವಾಗ ಮದ್ದಿನ ಹೆಸರೂ ಆ ಕೆಂಪು ಗೆರೆಯೂ ಇನ್ನೊಂದು ತುಂಡಿನಲ್ಲೇ ಉಳಿದಿತ್ತು.

ಅಜ್ಜಿಗೆ ನಾನು ಬೈಯಲಿಲ್ಲ. ಬೈಯಲಿಕ್ಕೆ ಏನುಂಟು? ಮಗುವಿನ ಮೇಲಿನ ಪ್ರೀತಿಯಿಂದಲೇ ಅವರು ಮಾಡಿದ್ದು. ರಕ್ತ ತೆಗೆದು ಕಲ್ಚರಿಗೆ ಹಾಕಿದೆವು. ಐದು ದಿನ ಕಾದರೂ ಏನೂ ಬೆಳೆಯಲಿಲ್ಲ. ಮೂರು ಬಗೆಯ ಅರೆಬರೆ ಮದ್ದು ಹೊಟ್ಟೆಗೆ ಹೋದ ಮೇಲೆ ರಕ್ತದಲ್ಲಿ ಬ್ಯಾಕ್ಟೀರಿಯಾ ಬಾಟಲಿಗೆ ಸಿಗುವುದಿಲ್ಲ, ಮಗುವಿನ ಮೈಯಲ್ಲಿ ಮಾತ್ರ ಆರಾಮವಾಗಿ ಇರುತ್ತದೆ. ಅದು ಯಾವ ಮದ್ದಿಗೆ ಬಗ್ಗುತ್ತದೆ ಅಂತ ಗೊತ್ತಿಲ್ಲದೆ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ ಚಿಕಿತ್ಸೆ ಮಾಡಬೇಕಾಯಿತು. ಆ ರಾತ್ರಿಗಳಲ್ಲಿ ಮಗುವಿನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡುವುದೇ ನನ್ನ ಕೆಲಸ. ಟೈಫಾಯ್ಡ್ ಮೂರನೇ ವಾರಕ್ಕೆ ಕಾಲಿಟ್ಟರೆ ಕರುಳು ತೂತಾಗುವ ಭಯ ಇರುತ್ತದೆ. ಆರನೇ ದಿನ ಜ್ವರ ಬಿಟ್ಟಿತು, ಮಗು ಬದುಕಿತು. ಆದರೆ ಉತ್ತರ ಆ ಡಬ್ಬಿಯಲ್ಲಿ ಕಳೆದುಹೋಗಿತ್ತು.

ಈಗ ಒಂದು ಸಣ್ಣ ಲೆಕ್ಕ, ಮೆಡಿಕಲ್‌ನವರು ದಯವಿಟ್ಟು ಕೇಳಿ. ಹದಿನೈದು ಕಿಲೋ ತೂಕದ ಮಗು. ಟೈಫಾಯ್ಡಿಗೆ ಸೆಫಿಕ್ಸಿಮ್ ದಿನಕ್ಕೆ ಕಿಲೋಗೆ 20 ಮಿಲಿಗ್ರಾಂ, ಅಂದರೆ 300. ಐದು ಎಂಎಲ್‌ಗೆ 100 ಇರುವ ಸಿರಪ್ ಆದರೆ ದಿನಕ್ಕೆ 15 ಎಂಎಲ್. ಒಂದು 30 ಎಂಎಲ್ ಬಾಟಲಿ ಎರಡೇ ದಿನಕ್ಕೆ ಮುಗಿಯಿತು. ಹದಿನಾಲ್ಕು ದಿನಕ್ಕೆ ಏಳು ಬಾಟಲಿ ಬೇಕು. ನಮ್ಮಲ್ಲಿ ಎಷ್ಟು ಮನೆಗೆ ಏಳು ಬಾಟಲಿ ಹೋಗುತ್ತದೆ? ಎರಡು ಹೋಗುತ್ತದೆ, ಅದರಲ್ಲೂ ಒಂದರ್ಧ ಡಬ್ಬಿ ಸೇರುತ್ತದೆ. ಸಾಯದ ಬ್ಯಾಕ್ಟೀರಿಯಾ ಮದ್ದಿನ ರುಚಿ ನೋಡಿ ಗಟ್ಟಿಯಾಗುವುದು ಹೀಗೆ.

ಇದು ಹೊಸ ಕತೆ ಅಲ್ಲ. 1948ರಲ್ಲಿ ಕ್ಲೋರಾಂಫೆನಿಕಾಲ್ ಬರುವ ಮೊದಲು ಟೈಫಾಯ್ಡ್ ಬಂದ ನೂರು ಜನರಲ್ಲಿ ಹತ್ತರಿಂದ ಇಪ್ಪತ್ತು ಜನ ತೀರಿಕೊಳ್ಳುತ್ತಿದ್ದರು. ಆ ಮದ್ದು ಬಂದದ್ದೇ ಸಾವು ಒಂದೆರಡಕ್ಕೆ ಇಳಿಯಿತು. ಆಮೇಲೆ 1972ರಲ್ಲಿ ಆ ಮದ್ದಿಗೆ ಬಗ್ಗದ ಟೈಫಾಯ್ಡ್ ಒಮ್ಮೆಲೇ ಹಬ್ಬಿತು. ಎಲ್ಲಿ ಗೊತ್ತುಂಟಾ? ಒಂದು ಮೆಕ್ಸಿಕೋದಲ್ಲಿ, ಇನ್ನೊಂದು ನಮ್ಮ ಕಲ್ಲಿಕೋಟೆಯಲ್ಲಿ! ಮಂಗಳೂರಿನಲ್ಲಿ ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವ ಊರು. ಎಂಬತ್ತರ ದಶಕದ ಕೊನೆಗೆ ಆ್ಯಂಪಿಸಿಲಿನ್, ಕೋಟ್ರೈಮಾಕ್ಸಜೋಲ್ ಸೇರಿ ಮೂರೂ ಮದ್ದು ಕೈಕೊಟ್ಟವು. ಸಿಪ್ರೋಫ್ಲಾಕ್ಸಸಿನ್ ಬಂತು, ಅದನ್ನೂ ಕೆಲವೇ ವರ್ಷದಲ್ಲಿ ಸವೆಸಿದೆವು. ಇಂದು ಭಾರತದ ಬಹುಪಾಲು ಟೈಫಾಯ್ಡ್ ಅದಕ್ಕೆ ಸರಿಯಾಗಿ ಬಗ್ಗುವುದಿಲ್ಲ. ಅಜ್ಜಿಯ ಡಬ್ಬಿಯ ಆ ಹೆಸರಿಲ್ಲದ ಮಾತ್ರೆಯೂ ಅದೇ ಜಾತಿಯದಿರಬೇಕು.

2016ರ ನವೆಂಬರಿನಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಹೈದರಾಬಾದಿನಲ್ಲಿ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ನಿಗೂ ಬಗ್ಗದ ಟೈಫಾಯ್ಡ್ ಶುರುವಾಯಿತು. ಮಕ್ಕಳಿಗೇ ಹೆಚ್ಚು ಬಂತು. ಮನೆಯಲ್ಲಿ ಕುಡಿಸಬಹುದಾದ ಮದ್ದು ಅಂತ ಅಲ್ಲಿ ಉಳಿದದ್ದು ಅಜಿತ್ರೋಮೈಸಿನ್ ಒಂದೇ. ಆ ಶಕ್ತಿ ಬ್ಯಾಕ್ಟೀರಿಯಾಕ್ಕೆ ಎಲ್ಲಿಂದ ಬಂತು? ನಮ್ಮೆಲ್ಲರ ಕರುಳಿನಲ್ಲಿರುವ ಈ-ಕೋಲಿಯಂಥ ಬೇರೆ ಬ್ಯಾಕ್ಟೀರಿಯಾದಿಂದ, ಪ್ಲಾಸ್ಮಿಡ್ ಅನ್ನುವ ಡಿಎನ್‌ಎ ಉಂಗುರದ ಮೂಲಕ. ಪಕ್ಕದ ಮನೆಯಿಂದ ಹೆಪ್ಪು ತಂದ ಹಾಗೆ, ಒಂದು ಚಮಚೆ ಸಾಕು. ಹಾಗಾಗಿ ಬರೀ ಶೀತಕ್ಕೆ ಆ್ಯಂಟಿಬಯಾಟಿಕ್ ಕುಡಿದ ಮಗುವೂ ತನಗೆ ಗೊತ್ತಿಲ್ಲದೆ ಹೊಟ್ಟೆಯಲ್ಲಿ ಹೆಪ್ಪು ಇಟ್ಟುಕೊಂಡಿರುತ್ತದೆ.

ಹೆದರಿಸಲಿಕ್ಕೆ ಹೇಳುವುದಲ್ಲ. ನಮ್ಮಲ್ಲಿ ಬಹುಪಾಲು ಟೈಫಾಯ್ಡ್ ಇವತ್ತಿಗೂ ಸೆಫ್ಟ್ರಿಯಾಕ್ಸೋನಿಗೆ ಬಗ್ಗುತ್ತದೆ. ಇನ್ನೂ ಒಂದು ಸಂತೋಷದ ಸಂಗತಿ ಉಂಟು. ಕ್ಲೋರಾಂಫೆನಿಕಾಲನ್ನು ನಾವು ಬಳಸುವುದು ಬಿಟ್ಟ ಮೇಲೆ ಆ ಹಳೇ ಮದ್ದಿಗೆ ಬ್ಯಾಕ್ಟೀರಿಯಾ ಪುನಃ ಬಗ್ಗತೊಡಗಿದೆ. ಆದರೆ ಇವನ್ನೆಲ್ಲ ಯಾವ ಮಗುವಿಗೆ ಯಾವುದು ಅಂತ ಆರಿಸುವುದು ಹೇಗೆ? ಮತ್ತೆ ಅದೇ ಬಾಟಲಿಗೆ ಬಂದೆ ನೋಡಿ.

"ವಿಡಾಲ್ ಮಾಡಿಸಿದ್ದೇವಲ್ಲ ಡಾಕ್ಟ್ರೇ" ಅನ್ನುತ್ತೀರಿ. ವಿಡಾಲ್ 1896ರ ಪರೀಕ್ಷೆ. ಅದು ಬ್ಯಾಕ್ಟೀರಿಯಾವನ್ನು ಹುಡುಕುವುದಿಲ್ಲ, ಅದರ ವಿರುದ್ಧ ಮೈ ತಯಾರಿಸಿದ ಪ್ರತಿಕಾಯವನ್ನು ಹುಡುಕುತ್ತದೆ. ಮೊದಲ ವಾರದಲ್ಲಿ ನಿಜವಾದ ಟೈಫಾಯ್ಡಿಗೂ ನೆಗೆಟಿವ್ ಬರಬಹುದು. ಹಳೇ ಸೋಂಕಿಗೆ, ಮಲೇರಿಯಾಕ್ಕೆ ಪಾಸಿಟಿವ್ ತೋರಿಸಬಹುದು. ಜೂನ್‌ನಿಂದ ಅಕ್ಟೋಬರ್ ತನಕ ನಮ್ಮ ಕರಾವಳಿಯಲ್ಲಿ ಮಲೇರಿಯಾ, ಡೆಂಗಿ, ಇಲಿ ಜ್ವರ ಎಲ್ಲ ಒಟ್ಟಿಗೇ ಇರುತ್ತವೆ. ಡೆಂಗಿಯ ಮಗುವಿಗೆ ವಿಡಾಲ್ ಚೀಟಿ ನೋಡಿ ಟೈಫಾಯ್ಡ್ ಮದ್ದು ಕೊಟ್ಟದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಸಂಜೆಯೇ ರಿಪೋರ್ಟ್ ಸಿಗುತ್ತದೆ, ಕಡಿಮೆ ದುಡ್ಡು, ಅದಕ್ಕೇ ಅದರ ಮೇಲೆ ಪ್ರೀತಿ. ಕಲ್ಚರ್ ಕೂಡ ಎಲ್ಲ ಸಲ ಹಿಡಿಯುವುದಿಲ್ಲ. ಹತ್ತರಲ್ಲಿ ಆರು ಸಲ ಹಿಡಿಯುತ್ತದೆ, ಮದ್ದು ಕೊಟ್ಟ ಮೇಲೆ ಇನ್ನೂ ಕಡಿಮೆ. ಆದರೂ 1953ರಿಂದ ಮಣಿಪಾಲದಲ್ಲಿ ಮೆಡಿಕಲ್ ಕಾಲೇಜು ಇರುವ ನಮ್ಮ ಜಿಲ್ಲೆಯಲ್ಲಿ ಕಲ್ಚರ್ ಮಾಡಿಸಲಿಕ್ಕೆ ಆಗುವುದಿಲ್ಲ ಅಂದರೆ ಇನ್ನೆಲ್ಲಿ ಆಗುತ್ತದೆ ಹೇಳಿ? ಮಗುವಿಗೆ ತುಂಬ ಜೋರಿದ್ದರೆ ರಿಪೋರ್ಟಿಗೆ ಕಾಯುವುದೂ ಬೇಡ. ರಕ್ತ ತೆಗೆಯಿರಿ, ಅದೇ ಗಳಿಗೆಯಲ್ಲಿ ಮದ್ದು ಶುರು ಮಾಡಿ. ಅದಕ್ಕೆ ಐದು ನಿಮಿಷ ಸಾಕು.

ಅಮ್ಮಂದಿರಿಗೆ ಒಂದು ಮಾತು. ಸರಿಯಾದ ಮದ್ದು ಕೊಟ್ಟರೂ ಟೈಫಾಯ್ಡ್ ಜ್ವರ ಇಳಿಯಲಿಕ್ಕೆ ನಾಲ್ಕರಿಂದ ಆರು ದಿನ ಬೇಕು. ಮೂರನೇ ದಿನ ಡಾಕ್ಟರನ್ನು ಬದಲಾಯಿಸಬೇಡಿ. ಹೊಸ ಡಾಕ್ಟರು ಹೊಸ ಮದ್ದು ಬರೆಯುತ್ತಾರೆ, ಆರನೇ ದಿನ ಜ್ವರ ಬಿಟ್ಟಾಗ ಹೆಸರು ಅವರಿಗೆ ಹೋಗುತ್ತದೆ. ಹೆಸರು ಯಾರಿಗೆ ಬೇಕಾದರೂ ಹೋಗಲಿ, ಮಗುವಿಗೆ ಎರಡು ಮದ್ದು ಸುಮ್ಮನೆ ಹೋಯಿತಲ್ಲ! ಹೊಟ್ಟೆ ಉಬ್ಬಿದರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಪರಿಗೆ ಜಾರಿದರೆ ಮಾತ್ರ ಒಂದು ಗಳಿಗೆಯೂ ಕಾಯದೆ ದೊಡ್ಡ ಆಸ್ಪತ್ರೆಗೆ ಓಡಿ.

ಸಂಘಟಕರ ಚೀಟಿ ಬಂತು, ಇನ್ನು ಹತ್ತೇ ನಿಮಿಷ ಅಂತೆ. ಟೈಫಾಯ್ಡ್ ಹರಡುವುದು ಮಲ ಸೇರಿದ ನೀರಿನಿಂದ. ಆ ವಿಷಯಕ್ಕೆ ಹೆಚ್ಚು ಹೊತ್ತು ಇಟ್ಟುಕೊಂಡಿದ್ದೆ, ಓಡಿಸಿ ಹೇಳುತ್ತೇನೆ. ಐದು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ಪಾಯಿಖಾನೆ ಗುಂಡಿ ಮೂರೂ. ನಮ್ಮ ಮುರಕಲ್ಲಿನ ನೆಲ ಜರಡಿ ಇದ್ದ ಹಾಗೆ. ಮಳೆಗಾಲದಲ್ಲಿ ಗುಂಡಿಯ ನೀರು ಬಾವಿಗೆ ಇಳಿಯುತ್ತದೆ. ನೀರು ಕುದಿಸುತ್ತೇವೆ ಅನ್ನುತ್ತೀರಿ, ಒಳ್ಳೆಯದು. ಆದರೆ ಕುಡಿಯುವ ಹದಕ್ಕೆ ತರಲು ಅದಕ್ಕೇ ಒಂದು ಚೊಂಬು ಹಸಿ ನೀರು ಸುರಿಯುವುದನ್ನು ಊಟದ ಮನೆಗಳಲ್ಲಿ ನನ್ನ ಕಣ್ಣಾರೆ ಕಂಡಿದ್ದೇನೆ.

ಲಸಿಕೆ. ಟೈಫಾಯ್ಡ್ ಕಾಂಜುಗೇಟ್ ಲಸಿಕೆ ನಮ್ಮ ದೇಶದಲ್ಲೇ ತಯಾರಾಗುತ್ತದೆ, ಆರು ತಿಂಗಳು ದಾಟಿದ ಮಗುವಿಗೆ ಕೊಡಬಹುದು. ಮದ್ದಿಗೆ ಬಗ್ಗದ ಟೈಫಾಯ್ಡನ್ನೂ ಅದು ತಡೆಯುತ್ತದೆ. ಪಾಕಿಸ್ತಾನ 2019ರಲ್ಲೇ ಅದನ್ನು ಸರಕಾರಿ ಲಸಿಕೆಗಳ ಜೊತೆ ಸೇರಿಸಿತು. ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿ. ವೈದ್ಯರ ಚೀಟಿ ಇಲ್ಲದೆ ಮಾರಬಾರದ ಮದ್ದುಗಳ ಪಟ್ಟಿ ಶೆಡ್ಯೂಲ್ ಎಚ್1, ಮೆಡಿಕಲ್‌ನವರಿಗೆ ಅದನ್ನು ನಾನು ಹೇಳಿಕೊಡಬೇಕಾಗಿಲ್ಲ. 2014ರ ಮಾರ್ಚಿನಿಂದ ಸೆಫಿಕ್ಸಿಮ್ ಕೊಟ್ಟರೆ ರಿಜಿಸ್ಟರಿನಲ್ಲಿ ಬರೆಯಬೇಕು, ಆ ರಿಜಿಸ್ಟರ್ ಮೂರು ವರ್ಷ ಇಡಬೇಕು. ಕತ್ತರಿಸುವಾಗ ಕೆಂಪು ಗೆರೆ ಇರುವ ತುಂಡನ್ನೇ ಗಿರಾಕಿಗೆ ಕೊಡಿ, ಅಷ್ಟು ಕೇಳಿಕೊಳ್ಳುತ್ತೇನೆ.

ಪ್ರಶ್ನೆಗಳಿದ್ದರೆ ಕೇಳಿ. ಆ ಬಾಟಲಿ ಈಗ ಯಾರ ಕೈಯಲ್ಲುಂಟು? ಅಲ್ಲಿ, ಕಂಬದ ಪಕ್ಕ ಕೂತ ಅಜ್ಜಿಯ ಹತ್ತಿರವಾ? ಇರಲಿ ಅಜ್ಜಿ, ನಿಧಾನಕ್ಕೆ ನೋಡಿ.